ಬ್ಯಾಡ ಎಂಬ ಪದ ತಿಳಿಯದ ಸ್ಕ್ರಿಪ್ಟು

ಮದುವೆ ಮಾಡಿಸಿದವರಿಗೆ ಪುಣ್ಯ ಬರುತ್ತದಂತೆ. ನನಗೆ ಬಂದದ್ದು ಕತ್ತುನೋವು. ಮಧುಗಿರಿಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ಬೇಕರಿಯ ಮಹಡಿ ಮೇಲಿದ್ದ ವಧುವರರ ಮಾಹಿತಿ ಕೇಂದ್ರದಲ್ಲಿ ಟೈಪಿಸ್ಟಾಗಿ ಸೇರಿ, ಕಂಪ್ಯೂಟರ್ ಆಪರೇಟರಾಗಿ, ಕೊನೆಗೆ ‘ಎಲ್ಲ ಪುಟ್ಟಲಕ್ಷ್ಮಿಯನ್ನೇ ಕೇಳಿ’ ಎಂಬ ಹುದ್ದೆಗೇರಿ, ಈಚೆಗೆ ಮನೆ ಸೇರಿದ್ದೇನೆ. ನನ್ನ ಕುರ್ಚಿಗೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, “ಕೆಲಸ ಹೆಂಗಿರ್ತದೆ ಅಂತ ಒಸಿ ಬರ್ಕೊಡಿ ಆಂಟಿ” ಅಂದಳು. ಆಂಟಿ ಅಂದದ್ದಕ್ಕೆ ಮೈ ಉರಿಯಿತು. ಆದರೂ ಬರೆದುಕೊಡುತ್ತಿದ್ದೇನೆ. ಆ ಕುರ್ಚಿಯ ಎಡಗಾಲು ಸಡಿಲ ಕಣಮ್ಮ, ಮೊದಲು ಅದನ್ನು ನೋಡಿಕೋ.

ನಮ್ಮ ಮಾಲೀಕರು ಸಿದ್ದಲಿಂಗಪ್ಪನವರು. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಎದ್ದು ಕಾಣುವ ವಿಭೂತಿ. ಮನುಷ್ಯ ಕೆಟ್ಟವರಲ್ಲ, ಆದರೆ ಅವರ ಬಾಯಿಗೆ ಒಂದು ಪದ ಅಂಟಿಕೊಂಡಿತ್ತು: “ಕಾರಣ?” ರಜೆ ಕೇಳಿದರೆ ಕಾರಣ. ಫ್ಯಾನು ಹಾಕಿದರೆ ಕಾರಣ. ಮಧ್ಯಾಹ್ನ ಊಟಕ್ಕೆ ಎದ್ದರೂ, “ಕಾರಣ?” ಹಸಿವು ಸಾರ್, ಅಂದರೆ, “ಹಸಿವಿಗೆ ಕಾರಣ?” ಅಂತ ಕೇಳಿ ತಾವೇ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ನಮ್ಮಲ್ಲೊಂದು ಬ್ಲಾಗ್ ಇತ್ತು. ಹೆಸರು ಕೊಟ್ಟ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಪೋಸ್ಟ್. ದೊಡ್ಡೇರಿಯ ಯಜಮಾನರೊಬ್ಬರು ತಿಂಗಳುಗಟ್ಟಲೆ ಕಾದು, ಕೊನೆಗೆ ಮಹಡಿ ಹತ್ತಿ ಬಂದು, “ನಮ್ ಹುಡ್ಗುನ್ ಪೋಸ್ಟ್ ಆಗದೆ ಅಂದ್ರಲ್ಲ, ಪೋಸ್ಟ್‌ಮ್ಯಾನು ಇತ್ಲಾಗ್ ತಲೆನೇ ಹಾಕಿಲ್ವಲ್ಲಮ್ಮ” ಅಂತ ಜಗಳ ತೆಗೆದದ್ದುಂಟು.

ಒಂದು ಪೋಸ್ಟಿಗೆ ಒಂದು ಫೈಲು. ಫೈಲಿನ ಹೆಸರಿನಲ್ಲಿ ಮೊದಲು ತಾರೀಖು, ಆಮೇಲೆ ಆಸಾಮಿಯ ಹೆಸರು. ಒಳಗೆ ಮೇಲ್ಗಡೆ ಮೂರು ಅಡ್ಡಗೀಟು, ಅದರ ಕೆಳಗೆ ತಾಲ್ಲೂಕು, ವಯಸ್ಸು, ಓದು, ಎತ್ತರ, ಕೆಲಸ, ಮತ್ತೆ ಮೂರು ಅಡ್ಡಗೀಟು, ಆಮೇಲೆ ಗುಣಗಾನ. ಒಂದು ಗೀಟು ಕಮ್ಮಿಯಾದರೆ ಹುಡುಗ ಬ್ಲಾಗಿನಲ್ಲಿ ಕಾಣಿಸುತ್ತಲೇ ಇರಲಿಲ್ಲ. ಮೊದಮೊದಲು ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದೆ. ಹಳೆಯ ಫೈಲನ್ನು ನಕಲು ಮಾಡುವುದು, ಹಳಬರ ವಿವರ ಅಳಿಸುವುದು, ಹೊಸಬರದು ತುಂಬುವುದು. ದಿನವಿಡೀ ಅದೇ.

ಒಂದು ಸಲ ಕೊರಟಗೆರೆಯ ಜೆಸಿಬಿ ಡ್ರೈವರ್ ಒಬ್ಬನ ಫೈಲನ್ನು ಒಬ್ಬ ಹುಡುಗಿಯ ಫೈಲಿನಿಂದ ನಕಲು ಮಾಡಿದೆ. ಹೆಸರು ಬದಲಿಸಿದೆ, ಎತ್ತರ ಬದಲಿಸಿದೆ. ಕೊನೆಯ ಸಾಲು ಹಾಗೇ ಉಳಿಯಿತು. ‘ಮೃದು ಸ್ವಭಾವ, ಗೃಹಕೃತ್ಯ ನಿಪುಣೆ, ರಂಗೋಲಿಯಲ್ಲಿ ಆಸಕ್ತಿ.’ ಮೀಸೆ ತಿರುವಿಕೊಂಡು ಜೆಸಿಬಿ ಬಕೆಟ್ ಮೇಲೆ ಕಾಲಿಟ್ಟ ಫೋಟೋ, ಕೆಳಗೆ ಇದು. ಆ ಹುಡುಗನಿಗೆ ಬಂದಷ್ಟು ಸಂಬಂಧ ತಾಲ್ಲೂಕು ಆಫೀಸಿನ ಗುಮಾಸ್ತರಿಗೂ ಬರಲಿಲ್ಲ. “ಅಡಿಗೆ ಮಾಡೋ ಗಂಡು ಅಂತಲ್ಲ, ನಂಬರ್ ಕೊಡಿ” ಅಂತ ಹೆಣ್ಣಿನ ಕಡೆಯವರ ಫೋನೋ ಫೋನು. ಬೇಗ ಮದುವೆಯೂ ಆಯಿತು. ಅವನಿಗೆ ಕಾಫಿ ಮಾಡಲೂ ಬರುವುದಿಲ್ಲವೆಂದು ಆಮೇಲೆ ಅವನ ಹೆಂಡತಿ ಬೇಕರಿಯಲ್ಲಿ ಸಿಕ್ಕಾಗ ಹೇಳಿದಳು. ನಾನು ಬನ್ನು ಕಟ್ಟಿಸಿಕೊಂಡು ಬೇಗ ಜಾಗ ಖಾಲಿ ಮಾಡಿದೆ.

ಈ ಪಾಡು ನೋಡಲಾರದೆ ನನಗೆ ಸ್ಕ್ರಿಪ್ಟು ಕಲಿಸಿದವಳು ನಸ್ರೀನ್. ಶಿರಾದವಳು, ನಮ್ಮ ಬ್ಲಾಗ್ ಕಟ್ಟಿಕೊಟ್ಟವಳು, ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದಳು. “ಅರೆ ಪುಟ್ಟಕ್ಕಾ, ಅದೇ ಕೆಲ್ಸ ದಿನಾ ದಿನಾ ಕೈಯಲ್ಲಿ ಮಾಡ್ತೀರಲ್ಲ, ಬೇಜಾರಾಗಲ್ವಾ ನಿಮ್ಗೆ? ಒಂದು ಶೆಲ್ ಸ್ಕ್ರಿಪ್ಟ್ ಬರ್ದು ಹಾಕ್ರಿ, ಅದೇ ಫೈಲ್ ಮಾಡ್ಕೊಳ್ತದೆ” ಅಂದಳು.

ಸಿದ್ದಲಿಂಗಪ್ಪನವರು ಪಕ್ಕದ ಮೇಜಿನಿಂದ ಅರ್ಧ ಕೇಳಿಸಿಕೊಂಡರು. ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಜೊತೆ ಟಾರ್ಚಿನ ಶೆಲ್ಲು ಇತ್ತು. “ನಸ್ರೀನ್ ಶೆಲ್ಲು ಬೇಕು ಅಂದ್ಲಲ್ಲ, ತಂದಿದ್ದೀನಿ. ಎಲ್ಲಿಗೆ ಹಾಕ್ತೀರಿ ಇದನ್ನ?” ಅಂದರು. ಎಲ್ಲಿಗೆ ಹಾಕಬೇಕೆಂದು ನನಗೆ ಮನಸ್ಸಿನಲ್ಲಿ ಹೊಳೆದದ್ದನ್ನು ಇಲ್ಲಿ ಬರೆಯಲಾಗದು.

ಶೆಲ್ ಅಂದರೆ ಬೇರೇನೂ ಅಲ್ಲ, ಕಪ್ಪು ಪರದೆ. ಅದರೊಳಗೆ ನಾವು ಬರೆದ ಸಾಲನ್ನು ಯಂತ್ರ ಒಂದೊಂದಾಗಿ ಮಾಡುತ್ತ ಹೋಗುತ್ತದೆ. ಆ ಸಾಲುಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಅದೇ ಸ್ಕ್ರಿಪ್ಟು. ಮೊದಲು ಹೆಸರು ಕೇಳು, ತಾಲ್ಲೂಕು ಕೇಳು, ವಯಸ್ಸು ಕೇಳು, ಇವತ್ತಿನ ತಾರೀಖು ನೀನೇ ಹಾಕಿಕೋ, ಗೀಟು ಎಳೆ, ಫೈಲು ಮಾಡು. ಮೊದಲ ಸಲ ನಾನು ಎಂಟರ್ ಒತ್ತಿದ ಕೂಡಲೇ ಗೀಟು, ತಾರೀಖು, ಹೆಸರು ಎಲ್ಲ ಸಾಲಾಗಿ ಕೂತ ಫೈಲು ತಾನೇ ಹುಟ್ಟಿ ಬಂತು ನೋಡಿ, ಕುಣಿಯುವುದೊಂದು ಬಾಕಿ. ಅಷ್ಟು ಖುಷಿಯಾಗಿತ್ತು.

ಖುಷಿ ಸಾಯಂಕಾಲದ ತನಕ. ಫೈಲಿನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಉಳಿಸಿ ಮಿಕ್ಕಿದ್ದು ತೆಗೆದುಹಾಕು ಅಂತ ಒಂದು ಸಾಲಿತ್ತು. ನಾವು ಹೆಸರು ಬರೆಯುವುದು ಕನ್ನಡದಲ್ಲಿ. ಸ್ಕ್ರಿಪ್ಟು ಕನ್ನಡವನ್ನೆಲ್ಲ ಕಸವೆಂದು ಗುಡಿಸಿ ಹೊರಗೆ ಹಾಕಿತು. ಉಳಿದದ್ದು ತಾರೀಖು ಮಾತ್ರ. ಎರಡನೆಯ ಹುಡುಗ ಮೊದಲನೆಯವನ ಮೇಲೆ ಕೂತ, ಮೂರನೆಯವನು ಎರಡನೆಯವನ ಮೇಲೆ. ದಿನದ ಕೊನೆಗೆ ಉಳಿದವನು ಒಬ್ಬನೇ. “ಒಳ್ಳೇದೇ ಆಯ್ತಲ್ಲ, ಪೈಪೋಟಿ ಇಲ್ಲ” ಅಂದರು ಮಾಲೀಕರು. ನಸ್ರೀನ್ ಆ ಸಾಲನ್ನು ಕಿತ್ತುಹಾಕಿ, ಹೆಸರಿನ ಜಾಗದಲ್ಲಿ ನೋಂದಣಿ ಸಂಖ್ಯೆ ಹಾಕಿಕೊಟ್ಟಳು.

ಆಮೇಲೆ ಮಿಕ್ಕ ಮೂರು ತಾಲ್ಲೂಕಿನ ಏಜೆಂಟರಿಗೂ ಸ್ಕ್ರಿಪ್ಟು ಕೊಟ್ಟೆವು. ಪಾವಗಡದ ಏಜೆಂಟು ವೆಂಕಟೇಶುಲು, ಮನೆಮಾತು ತೆಲುಗು, ಬಲು ಮರ್ಯಾದಸ್ಥ. ಕಪ್ಪು ಪರದೆ ‘ಹೆಸರು?’ ಅಂತ ಕೇಳಿತು. ಕೇಳಿದವರಿಗೆ ಹೆಸರು ಹೇಳಬೇಕಾದ್ದು ಧರ್ಮವಲ್ಲವೇ? ತನ್ನ ಹೆಸರೇ ಬರೆದ. ಊರು ತನ್ನದೇ. ಫೋಟೋ ಕೇಳಿತು, ಅದನ್ನೂ ಕೊಟ್ಟ. ‘ವಯಸ್ಸು?’ ಅಂದಾಗ ಅನುಮಾನ ಬಂತಂತೆ, ಅಲ್ಲಿಂದಾಚೆಗೆ ಹುಡುಗನ ವಿವರ ಕೊಟ್ಟ. ನಾಲ್ಕು ತಾಲ್ಲೂಕಿಗೂ ಸುದ್ದಿಯಾಯಿತು: ಪಾವಗಡದ ವೆಂಕಟೇಶುಲು, ಬಕ್ಕತಲೆ, ಇಪ್ಪತ್ತೇಳು ವರ್ಷ, ಅವಿವಾಹಿತ. ಮೊದಲ ಫೋನು ಬಂದದ್ದು ಅವನ ಹೆಂಡತಿಯಿಂದ.

“ಯಾರಮ್ಮ ಅದು, ನಮ್ಮಾಯನಕ್ಕೆ ಇಂಕೋ ಪೆಳ್ಳಿ ಮಾಡ್ತಾ ಇರೋದು? ಹೆಣ್ಣು ಸಿಕ್ಕಿದ್ರೆ ಹೇಳು ತಲ್ಲೀ, ನಾನೇ ಬಂದು ಅಕ್ಷತೆ ಹಾಕ್ತೀನಿ!”

ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಪ್ರಶ್ನೆಯನ್ನು ‘ಮದುವೆಯಾಗಬೇಕಾದವರ ಹೆಸರು?’ ಅಂತ ಬದಲಾಯಿಸಿದೆ. ಅದಕ್ಕೂ ಒಬ್ಬರು ‘ನನ್ನ ಮಗ’ ಅಂತ ಬರೆದರು. ಯಂತ್ರಕ್ಕೆ ಕಲಿಸುವುದು ಸುಲಭ ಕಣಮ್ಮ. ಪ್ರಶ್ನೆ ಕೇಳುವುದನ್ನು ನಾವು ಕಲಿಯುವುದಿದೆಯಲ್ಲ, ಅದು ಕಷ್ಟ.

ಮಾಲೀಕರ ಪಾಲಿನ ಸುಧಾರಣೆಯೂ ಇರಬೇಕಲ್ಲ. ರಾಹುಕಾಲದಲ್ಲಿ ಯಾರ ಫೈಲೂ ಹುಟ್ಟಕೂಡದು ಅಂದರು. ನಾನು ತಲೆ ಚಚ್ಚಿಕೊಂಡೆ, ನಸ್ರೀನಿಗೆ ಮಾತ್ರ ಕುಣಿಯುವಷ್ಟು ಸಂತೋಷ. “ವಾರಕ್ಕೆ ಏಳು ಟೈಮು, ಫಿಕ್ಸ್! ಇದಕ್ಕಿಂತ ಈಜಿ ಏನೈತೆ ಅಕ್ಕಾ” ಅಂತ ಅವತ್ತೇ ಸೇರಿಸಿದಳು. ಅಂದಿನಿಂದ ರಾಹುಕಾಲದಲ್ಲಿ ಎಂಟರ್ ಒತ್ತಿದರೆ ಪರದೆ, ‘ಈಗ ರಾಹುಕಾಲ. ಟೀ ಕುಡಿದು ಬನ್ನಿ’ ಅನ್ನುತ್ತಿತ್ತು. ಆ ಒಂದು ಸುಧಾರಣೆಯನ್ನು ನಾನು ಮನಸಾರೆ ಪಾಲಿಸಿದೆ.

ಇನ್ನೊಂದು ಸುಧಾರಣೆಯೇ ಎಡವಟ್ಟಾದದ್ದು. ಎಲ್ಲ ತುಂಬಿದ ಮೇಲೆ ಸ್ಕ್ರಿಪ್ಟು ಕೊನೆಗೆ ‘ಪ್ರಕಟಿಸಲೇ?’ ಅಂತ ಕೇಳುತ್ತಿತ್ತು. ‘ಹೌದು’ ಅಂತ ಬರೆದರೆ ಮಾತ್ರ ಪೋಸ್ಟು ಬ್ಲಾಗಿಗೆ ಹೋಗಿ, ಅಲ್ಲಿಂದ ನಾಲ್ಕೂ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಿಗೆ ತಾನೇ ಹರಡುವ ಹಾಗೆ ಮಾಡಿದ್ದೆ. ಹೌದು ಅಂತ ನೆಟ್ಟಗೆ ಬರೆಯುವವರೇ ಇಲ್ಲ. ಕೊರಟಗೆರೆಯವನು ‘ಊಂ’ ಅಂತ ಬರೆದ. ಶಿರಾದವನು ‘ಆಯ್ತು ಸಾರ್’. ವೆಂಕಟೇಶುಲು ‘ಔನು’. ಪೋಸ್ಟುಗಳೆಲ್ಲ ಒಳಗೇ ಕೂತವು. ಸಿದ್ದಲಿಂಗಪ್ಪನವರಿಗೆ ರೇಗಿತು.

“ಪುಟ್ಟಲಕ್ಷ್ಮಿ, ಉಲ್ಟಾ ಮಾಡಿ. ‘ಬೇಡ’ ಅಂತ ಬರೆದ್ರೆ ಮಾತ್ರ ಬೇಡ. ಮಿಕ್ಕಿದ್ದು ಏನೇ ಬರೀಲಿ, ಬರೀದೇ ಹೋಗ್ಲಿ, ಹೌದು ಅಂತ ತಗೊಂಡ್ಬುಡ್ಲಿ.”

“ಸಾರ್, ಸುಮ್ನಿದ್ರೂ ಹೌದೇನ್ ಸಾರ್?”

“ಮತ್ತೆ? ಹೆಣ್ಮಕ್ಕಳು ಬಾಯಿ ಬಿಟ್ಟು ಹೌದು ಅಂತಾರೇನ್ರೀ? ನಾವೇ ಅರ್ಥ ಮಾಡ್ಕೋಬೇಕು.”

ನನಗೆ ಸರಿ ಕಾಣಲಿಲ್ಲ. ಹಾಗಂತ ಹೇಳಿದೆ. “ಕಾರಣ?” ಅಂದರು. ಕಾರಣ ಕೊಟ್ಟೆ, ಕೇಳಲಿಲ್ಲ. ಸಂಬಳ ಕೊಡುವವರು ಅವರು. ಉಲ್ಟಾ ಮಾಡಿದೆ.

ಒಂದು ಗುರುವಾರ ಬಡವನಹಳ್ಳಿಯ ಕೆಂಪಣ್ಣ ಅನ್ನುವವರು ತಮ್ಮ ಅಕ್ಕನ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಹೆಸರು ಭವ್ಯ. ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನೆಲ್ ರಿಪೇರಿ ಕೆಲಸ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಕೈಬೆರಳಲ್ಲಿ ವೈರು ಹೆರೆದ ಗಾಯಗಳು. ನಾನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟದ್ದು ಸೋದರಮಾವ. ಓದು? ಅವರೇ ಹೇಳಿದರು. ಎತ್ತರ? ಅವರೇ. ಆಸಕ್ತಿ? “ಅಡ್ಗೆ, ಹೊಲಿಗೆ, ಎಲ್ಲಾ ಹಾಕ್ಕಳಮ್ಮ.” ಭವ್ಯ ಕಿಟಕಿಯಾಚೆ ಬೆಟ್ಟ ನೋಡುತ್ತ ಕೂತಿದ್ದಳು.

ಕೊನೆಯ ಪ್ರಶ್ನೆ ಬಂತು. ನನಗೆ ಯಾಕೋ ತಡೆಯಲಾಗಲಿಲ್ಲ. ಕೀಬೋರ್ಡನ್ನು ಅವಳ ಕಡೆ ತಿರುಗಿಸಿ, “ಇದೊಂದಕ್ಕೆ ನೀನೇ ಉತ್ತರ ಕೊಡಮ್ಮ” ಅಂದೆ. ಅವಳು ಪರದೆ ನೋಡಿದಳು. ಮಾವನನ್ನು ನೋಡಲಿಲ್ಲ. ‘ಬ್ಯಾಡ’ ಅಂತ ಟೈಪ್ ಮಾಡಿ, ನಾನು ಕೈ ಚಾಚುವ ಮೊದಲೇ ಎಂಟರ್ ಒತ್ತಿದಳು. ಮನೆಯಲ್ಲಿ ಆಡುವ ಮಾತೇ ಬೆರಳಿಗೆ ಬಂದಿತ್ತು.

ಸ್ಕ್ರಿಪ್ಟಿಗೆ ‘ಬೇಡ’ ಗೊತ್ತಿತ್ತು. ‘ಬ್ಯಾಡ’ ಗೊತ್ತಿರಲಿಲ್ಲ.

ಪರದೆಯ ಮೇಲೆ ‘ಪ್ರಕಟವಾಯಿತು. ಶುಭವಾಗಲಿ’ ಅಂತ ಬಂತು. ಕೆಂಪಣ್ಣನ ಜೇಬಿನಲ್ಲಿದ್ದ ಫೋನು ಆ ಕ್ಷಣವೇ ಟಿಣ್ ಅಂದಿತು, ಅವರೂ ಗುಂಪಿನಲ್ಲಿದ್ದರು. ತೆಗೆದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನೋಡ್ದಾ? ಕಂಪ್ಯೂಟ್ರೇ ಒಪ್ಕಂಡ್ಬುಡ್ತು! ಇನ್ನೇನಾರ ಉಸ್ರು ಬುಟ್ಯೋ...”

ಭವ್ಯ ನನ್ನ ಮುಖ ನೋಡಿದಳು. “ಬ್ಯಾಡ ಅಂತ ತಾನೇ ಬರ್ದಿದ್ದು ನಾನು? ಅಕ್ಕ, ಬ್ಯಾಡ ಅಂದೆ ನಾನು.”

“ಯಾಕೆ ಬ್ಯಾಡ? ಯಾಕೆ ಅಂತ ಹೇಳು ಮತ್ತೆ!” ಕೆಂಪಣ್ಣ ಗುಡುಗಿದರು. ಒಳಗಿನಿಂದ ಸಿದ್ದಲಿಂಗಪ್ಪನವರೂ ಎದ್ದು ಬಂದು, “ಹೌದಮ್ಮ, ಕಾರಣ?” ಅಂದರು.

“ಬ್ಯಾಡ ಅನ್ನಕ್ಕೆ ಕಾರಣ ಯಾಕ್ ಬೇಕು ಸಾರ್? ಬ್ಯಾಡ ಅಷ್ಟೇಯ.”

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಅವಳು ಬೀದಿ ತಲುಪುವ ಮೊದಲೇ ಶಿರಾ ಕಡೆಯ ಒಂದು ಮನೆಯವರು ಕೆಂಪಣ್ಣನಿಗೆ ಫೋನ್ ಮಾಡಿ, ಭಾನುವಾರ ಹೆಣ್ಣು ನೋಡಲು ಬರುತ್ತೇವೆಂದರು. ಇವರು ಬನ್ನಿ ಬನ್ನಿ ಅಂದುಬಿಟ್ಟರು. ಬಂದವರೆದುರು ಹುಡುಗಿ ಮುಖ ಗಂಟಿಕ್ಕಿದರೆ ಮನೆತನದ ಮರ್ಯಾದೆ ಹೋಯಿತು, ನಗುನಗುತ್ತ ಕಾಫಿ ಕೊಟ್ಟರೆ ಒಪ್ಪಿಗೆ. ಇದರಲ್ಲಿ ಬ್ಯಾಡ ಅನ್ನಲು ಜಾಗ ಎಲ್ಲಿದೆ? ಎಷ್ಟು ಮನೆಗಳಲ್ಲಿ ಹೀಗೇ ಆದದ್ದನ್ನು ನಾನು ನೋಡಿಲ್ಲ!

ಬ್ಲಾಗಿನಿಂದ ಫೈಲು ತೆಗೆದೆ. ಅದು ಸುಲಭ. ಗುಂಪುಗಳಿಗೆ ಹೋದದ್ದು ವಾಪಸು ಬರುವುದಿಲ್ಲ. ಎಲ್ಲ ಕಡೆಗೂ ಒಂದು ತಿದ್ದುಪಡಿ ಕಳಿಸೋಣ ಸಾರ್, ಅಂದೆ. ಸಿದ್ದಲಿಂಗಪ್ಪನವರು ಹೌಹಾರಿದರು. “ಹುಡುಗಿ ಒಪ್ಪದೇ ಇದ್ರೂ ಹಾಕ್ತಾರೆ ಅಂತ ನಾವೇ ಸಾರೋದಾ? ನಾಳೆ ಯಾರು ಬರ್ತಾರೆ ನಮ್ಮ ಕೇಂದ್ರಕ್ಕೆ? ಹೋಗಿದ್ದು ಹೋಯ್ತು. ಹುಡುಗ ಒಳ್ಳೆಯವನಿರಬಹುದು, ಬಿಡಿ.”

“ಒಳ್ಳೆಯವನೇ ಇರಬೋದು ಸಾರ್. ಅವಳು ಹುಡುಗ ಕೆಟ್ಟವನು ಅಂದ್ಲಾ? ಬ್ಯಾಡ ಅಂದ್ಲು ಅಷ್ಟೇ.”

“ಈ ವಿಷಯ ಇಲ್ಲಿಗೇ ಮುಗೀತು” ಅಂದು ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ಅವರು ಬರುವ ಮೊದಲೇ ಕೂತೆ. ಅದೇ ಸ್ಕ್ರಿಪ್ಟು ತೆರೆದೆ. ಹೆಸರಿನ ಜಾಗದಲ್ಲಿ ‘ತಿದ್ದುಪಡಿ’ ಅಂತ ಬರೆದೆ. ಗುಣಗಾನದ ಜಾಗದಲ್ಲಿ ಬರೆದದ್ದು ಇಷ್ಟು: ‘ನಿನ್ನೆ ಪ್ರಕಟವಾದ ಬಡವನಹಳ್ಳಿಯ ಹುಡುಗಿಯ ವಿವರ ಅವಳ ಒಪ್ಪಿಗೆಯಿಲ್ಲದೆ ಹೋಗಿದೆ. ಅವಳು ಬ್ಯಾಡ ಎಂದಿದ್ದಳು. ನಮ್ಮ ಯಂತ್ರಕ್ಕೆ ಅರ್ಥವಾಗಲಿಲ್ಲ. ತಪ್ಪು ನಮ್ಮದು. ಯಾರೂ ಆ ಮನೆಗೆ ಹೆಣ್ಣು ನೋಡಲು ಹೋಗಬಾರದಾಗಿ ವಿನಂತಿ.’ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಎಂಟರ್ ಒತ್ತಿದೆ.

‘ಈಗ ರಾಹುಕಾಲ. ಟೀ ಕುಡಿದು ಬನ್ನಿ.’

ಅಯ್ಯೋ ನಿನ್ನ ಮನೆ ಹಾಳಾಗ! ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವೆಂಬುದು ತಿದ್ದುತ್ತ ಕೂತ ಭರದಲ್ಲಿ ಮರೆತೇ ಹೋಗಿತ್ತು. ಆ ಸಾಲನ್ನು ಕಿತ್ತುಹಾಕೋಣವೆಂದರೆ ಎಲ್ಲಿದೆಯೋ ನಸ್ರೀನಿಗೇ ಗೊತ್ತು. ಅವಳಿಗೆ ಫೋನ್ ಮಾಡಿದರೆ ಬಸ್ಸಿನಲ್ಲಿದ್ದಾಳೆ, ಸಿಗ್ನಲ್ ಇಲ್ಲ. ಕಾದೆ. ಮಾಲೀಕರು ಬಂದರು, ಪೂಜೆ ಮಾಡಿದರು, ಊದುಬತ್ತಿ ತಂದು ನನ್ನ ಕಂಪ್ಯೂಟರಿಗೂ ಬೆಳಗಿದರು. ಬೆಳಗುತ್ತ ಬೆಳಗುತ್ತ ಪರದೆ ಓದಿದರು.

“ಏನ್ರೀ ಇದು?”

ಗಡಿಯಾರದಲ್ಲಿ ಹನ್ನೆರಡು ಹೊಡೆಯಿತು. ನಾನು ಎಂಟರ್ ಒತ್ತಿದೆ. ಫೈಲು ಹುಟ್ಟಿತು. ‘ಪ್ರಕಟಿಸಲೇ?’ ಅಂತ ಕೇಳಿತು. ಸಿದ್ದಲಿಂಗಪ್ಪನವರು ಊದುಬತ್ತಿ ಹಿಡಿದ ಕೈಯನ್ನೇ ಪರದೆಗೆ ಅಡ್ಡ ಹಿಡಿದು ಕೂಗಿದರು. ಇಸ್ತ್ರಿ ಅಂಗಿಯ ಭಾಷೆ ಹೋಗಿ, ಹುಟ್ಟಿದೂರಿನ ಭಾಷೆ ಬಾಯಿಗೆ ಬಂತು.

“ಬ್ಯಾಡ! ಬ್ಯಾಡ ಪುಟ್ಟಲಕ್ಷ್ಮೀ, ಬ್ಯಾಡ!”

ನಾನು ಟೈಪಿಸ್ಟು. ಮಾಲೀಕರು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡುವುದು ನನ್ನ ಕೆಲಸ. ‘ಬ್ಯಾಡ’ ಅಂತ ಟೈಪ್ ಮಾಡಿದೆ. ಎಂಟರ್ ಒತ್ತಿದೆ.

‘ಪ್ರಕಟವಾಯಿತು. ಶುಭವಾಗಲಿ.’

ಅವರ ಜೇಬಿನಲ್ಲೂ ಫೋನು ಟಿಣ್ ಅಂದಿತು. ಊದುಬತ್ತಿಯ ಬೂದಿ ಕೀಬೋರ್ಡಿನ ಮೇಲೆ ಉದುರಿತು. ಅವರು ಬಾಗಿ ಪರದೆಯನ್ನು ಇನ್ನೊಮ್ಮೆ ಓದಿದರು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಅಂತ ಕಾದಿದ್ದೆ.

“ನಾನು ಬ್ಯಾಡ ಅಂದೆ ಕಣಮ್ಮ” ಅಂದರು, ಮೆಲ್ಲಗೆ.

“ಅವಳೂ ಅದನ್ನೇ ಅಂದಿದ್ದು ಸಾರ್.”

ಅವರು ಊದುಬತ್ತಿ ದೇವರ ಪಟಕ್ಕೆ ಸಿಕ್ಕಿಸಿ ಒಳಗೆ ಹೋದರು.

ಸಾಯಂಕಾಲದೊಳಗೆ ಶಿರಾದವರು ಕೆಂಪಣ್ಣನಿಗೆ, ಬರುವುದಿಲ್ಲ ಅಂತ ತಿಳಿಸಿದರು. ಕೆಂಪಣ್ಣ ಬಂದು ಬೇಕರಿಯ ಮುಂದೆ ನಿಂತು ನನ್ನ ಏಳು ತಲೆಮಾರಿಗೂ ಬೈದರು. ಬೈಸಿಕೊಂಡೆ. ನಸ್ರೀನ್ ಬಂದ ಮೇಲೆ ಇಬ್ಬರೂ ಕೂತು ಸ್ಕ್ರಿಪ್ಟನ್ನು ಮತ್ತೆ ನೆಟ್ಟಗೆ ಮಾಡಿದೆವು. ಹೌದು, ಊಂ, ಆಯ್ತು, ಔನು, ಇವು ನಾಲ್ಕೇ ಒಪ್ಪಿಗೆ. ಬೇಡ, ಬ್ಯಾಡ, ಪಾವಗಡದವರ ವದ್ದು, ನಸ್ರೀನಳ ಮನೆಯ ನಕ್ಕೋ, ಊಹ್ಞೂಂ, ಬುಡಕ್ಕ ಸಾಕು, ಎಲ್ಲ ಬೇಡವೇ. ಏನೂ ಬರೆಯದೆ ಸುಮ್ಮನಿದ್ದರೆ ಅದೂ ಬೇಡವೇ. ಸಿದ್ದಲಿಂಗಪ್ಪನವರು ಹಿಂದೆ ನಿಂತು ನೋಡಿದರು, ಆದರೆ ಕಾರಣ ಕೇಳಲಿಲ್ಲ.

ಭವ್ಯ ಕೆಲವು ದಿನ ಕಳೆದು ಫೋನ್ ಮಾಡಿದಳು. “ಈಗ ಬ್ಯಾಡ ಅಂದ್ರೆ ಅದ್ಕೆ ಗೊತ್ತಾಯ್ತದಾ ಅಕ್ಕ?”

“ಗೊತ್ತಾಯ್ತದೆ ಕಣಮ್ಮ.”

“ನಮ್ ಮಾವುಂಗೂ ಅದೇನೋ ಬರ್ದು ಹಾಕ್ರಕ್ಕ ಅಂಗಾರೆ” ಅಂದು ನಕ್ಕಳು. ಹಿಂದೆ ಗಾಳಿ ಸುಯ್ಯೆನ್ನುತ್ತಿತ್ತು, ಯಾವುದೋ ಪ್ಯಾನೆಲ್ ಸಾಲಿನ ನಡುವೆ ನಿಂತು ಮಾತಾಡುತ್ತಿದ್ದಳು. ಆಮೇಲೆ ಅವಳು ಮದುವೆಯಾದಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ನಾನು ಬಿಟ್ಟು ಬರುವ ದಿನ ಬೇಕರಿಯಿಂದ ಖಾರಾಬೂಂದಿ, ಜಿಲೇಬಿ ತರಿಸಿದ್ದರು. ವೆಂಕಟೇಶುಲು ಹೆಂಡತಿಯನ್ನೂ ಕರೆತಂದಿದ್ದ. ಅವಳು ನನ್ನನ್ನು ನೋಡಿ, “ಹೆಣ್ಣು ಸಿಕ್ಕಿತಾ ತಲ್ಲೀ?” ಅಂದಳು. ಎಲ್ಲ ಹೋದ ಮೇಲೆ ಸಿದ್ದಲಿಂಗಪ್ಪನವರು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು. ಜಿಲೇಬಿಯ ಅಂಟು ಕೈ ಒರೆಸಿಕೊಳ್ಳುತ್ತ, “ಇನ್ನೊಂದು ವರ್ಷ ಇರಿ ಪುಟ್ಟಲಕ್ಷ್ಮಿ. ನೀವಿಲ್ಲದೆ ಇದು ನಡೆಯೋಲ್ಲ” ಅಂದರು.

“ಬ್ಯಾಡ ಸಾರ್” ಅಂದೆ.

ಅವರ ಬಾಯಿ ‘ಕಾ’ ಅನ್ನಲು ತೆರೆಯಿತು. ನನ್ನ ಮುಖ ನೋಡಿ ಹಾಗೇ ಮುಚ್ಚಿಕೊಂಡಿತು. ಎದ್ದು ಹೋಗಿ, ಉಳಿದ ಖಾರಾಬೂಂದಿಯನ್ನು ತಾವೇ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು.